ಔಷಧಿ ಹೊಡೆಯುವ ಮೊದಲು: ಅಳಿವಿನಂಚಿನ ಜೀವಿಗಳಿಗೆ ವಿಷ ತಲುಪುವ ಹಾದಿ ಮುಚ್ಚುವ ಕ್ರಮ

1995–96ರಲ್ಲಿ ಅರ್ಜೆಂಟೀನಾದ ಪಂಪಾಸ್ ಬಯಲಿನ ಹೊಲಗಳಲ್ಲಿ ಸ್ವೇನ್ಸನ್ ಗಿಡುಗಗಳು ಸಾವಿರಗಟ್ಟಲೆ ಸತ್ತುಬಿದ್ದವು. ಉತ್ತರ ಅಮೆರಿಕದಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಅಷ್ಟು ದೂರ ಹಾರಿ ಬರುವ ಹಕ್ಕಿಗಳಿವು. ಅವುಗಳಿಗೆಂದು ಯಾರೂ ವಿಷ ಇಟ್ಟಿರಲಿಲ್ಲ. ರೈತರು ಮಿಡತೆಗೆ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಹೊಡೆದಿದ್ದರು, ಗಿಡುಗಗಳು ಆ ಮಿಡತೆಗಳನ್ನೇ ಹಿಂಡುಹಿಂಡಾಗಿ ಹೆಕ್ಕಿ ತಿಂದಿದ್ದವು. ಮೇವಿನ ಮೇಲೆ ಬಿದ್ದ ವಿಷ ಮಿಡತೆಗೆ, ಮಿಡತೆಯಿಂದ ಗಿಡುಗಕ್ಕೆ ಹೋಯಿತು. ಅಲ್ಲಿ ಆ ಔಷಧಿಯ ಬಳಕೆ ನಿಂತ ಮೇಲೆ ಇಂಥ ಸಾಮೂಹಿಕ ಸಾವೂ ಬಹುತೇಕ ನಿಂತಿತು.

ಅಳಿವಿನಂಚಿನ ಪ್ರಾಣಿಯನ್ನು ಕೀಟನಾಶಕದಿಂದ ಕಾಪಾಡುವ ಕೆಲಸವೆಂದರೆ ಹೆಚ್ಚುಕಡಿಮೆ ಇಷ್ಟೇ: ವಿಷ ಯಾವ ಹಾದಿಯಲ್ಲಿ ಅದರ ಹೊಟ್ಟೆಗೋ ಮೈಗೋ ಹೋಗುತ್ತದೆ ಎಂದು ಮೊದಲೇ ಪತ್ತೆಹಚ್ಚಿ, ಆ ಹಾದಿ ಕಡಿಯುವುದು. ‘ಸೌಮ್ಯ ಔಷಧಿ’ ಕೊಂಡರೆ ಸಾಕು ಎಂದುಕೊಂಡವರು ಅನೇಕ ಸಲ ಹಕ್ಕಿ ಉಳಿಸಲು ಹೋಗಿ ಮೀನು ಕೊಂದಿರುತ್ತಾರೆ.

ಮೊದಲು, ಅಲ್ಲಿ ಯಾರಿದ್ದಾರೆ ನೋಡಿ

ಹೊಲ, ತೋಟ, ಹುಲ್ಲುಹಾಸು, ಏನೇ ಇರಲಿ, ಅದರ ಒಂದು ಒರಟು ನಕ್ಷೆ ಬರೆಯಿರಿ. ಅದರಲ್ಲಿ ನೀರು ಎಲ್ಲಿದೆ (ಮಳೆಗಾಲದಲ್ಲಿ ಮಾತ್ರ ತುಂಬುವ ಹೊಂಡ, ಚಕ್ರದ ಜಾಡಿನಲ್ಲಿ ನಿಲ್ಲುವ ನೀರೂ ಸೇರಿ), ಹೂಬಿಡುವ ಕಳೆ ಮತ್ತು ಪೊದೆ ಎಲ್ಲಿವೆ, ಪೊಟರೆ, ಬಿಲ, ಗೂಡು, ಬಾವಲಿ ನೇತಾಡುವ ಮಾಡು ಎಲ್ಲಿದೆ, ಮಳೆನೀರು ಯಾವ ಮೂಲೆಯಿಂದ ಹೊರಗೆ ಹರಿಯುತ್ತದೆ ಎಂದು ಗುರುತು ಮಾಡಿ. ಅದರ ಪಕ್ಕದಲ್ಲೇ ತಿಂಗಳ ಪಟ್ಟಿ ಇರಲಿ: ಮೊಟ್ಟೆ ಇಡುವ ಕಾಲ, ಗೊದಮೊಟ್ಟೆ ಇರುವ ವಾರಗಳು, ವಲಸೆ ಬರುವ ಮತ್ತು ಹೋಗುವ ದಿನಗಳು. ಬಹಳಷ್ಟು ಸಲ ಔಷಧಿ ಬದಲಿಸಬೇಕಿಲ್ಲ, ಹೊಡೆಯುವ ವಾರ ಬದಲಿಸಿದರೆ ಸಾಕಾಗುತ್ತದೆ.

ಯಾವ ಜೀವಿ ಅಪಾಯದಲ್ಲಿದೆ ಎಂಬುದಕ್ಕೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿ ಮತ್ತು ಆಯಾ ದೇಶದ ವನ್ಯಜೀವಿ ಕಾಯ್ದೆಯ ಪಟ್ಟಿ ನೋಡಿ. ನಿಮ್ಮ ಜಾಗದಲ್ಲಿ ಅದು ಇದೆಯೇ ಎಂದು ತಿಳಿಯಲು ಆನ್‌ಲೈನ್ ನಕ್ಷೆಯನ್ನಷ್ಟೇ ನಂಬಬೇಡಿ. ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ತಾಣಗಳು ಅಪಾಯದಲ್ಲಿರುವ ಜೀವಿಗಳ ಜಾಗವನ್ನು ಬೇಕೆಂದೇ ಮಸುಕು ಮಾಡುತ್ತವೆ, ಚುಕ್ಕೆಯನ್ನು ಸುಮಾರು 20 ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಇಡುತ್ತವೆ. ಕಳ್ಳಬೇಟೆಗಾರರಿಗೆ ಸುಳಿವು ಸಿಗಬಾರದೆಂದು ಮಾಡಿದ ವ್ಯವಸ್ಥೆ ಅದು. ನಿಮ್ಮ ಹೊಲದ ಮೇಲೆ ಚುಕ್ಕೆ ಇಲ್ಲವೆಂದರೆ ಅಲ್ಲಿ ಪ್ರಾಣಿ ಇಲ್ಲವೆಂದಲ್ಲ. ಅರಣ್ಯ ಅಥವಾ ವನ್ಯಜೀವಿ ಇಲಾಖೆಯ ಸ್ಥಳೀಯ ಸಿಬ್ಬಂದಿಯನ್ನು ಕೇಳುವುದು ಹೆಚ್ಚು ಖಚಿತ. ಅಮೆರಿಕದಲ್ಲಿ ಕೆಲವು ಔಷಧಿಗಳ ಲೇಬಲ್ಲೇ ಸಿಂಪರಣೆಗಾರನನ್ನು ಪರಿಸರ ಸಂರಕ್ಷಣಾ ಸಂಸ್ಥೆಯ ಬುಲೆಟಿನ್ ನೋಡಲು ಕಳಿಸುತ್ತದೆ. ಹೊಡೆಯುವ ತಿಂಗಳು ಮತ್ತು ಜಾಗ ಕೊಟ್ಟು, ಹಿಂದಿನ ಆರು ತಿಂಗಳೊಳಗೆ ಅದನ್ನು ತೆಗೆದಿರಬೇಕು. ಅಲ್ಲಿ ಬರೆದ ನಿರ್ಬಂಧ ಲೇಬಲ್ಲಿನಷ್ಟೇ ಕಡ್ಡಾಯ.

ಪ್ರಾಣಿಯ ಜೊತೆಗೆ ಅದರ ಊಟವನ್ನೂ ಪಟ್ಟಿಗೆ ಸೇರಿಸಿ. ಮೊನಾರ್ಕ್ ಚಿಟ್ಟೆಯ ಮರಿಹುಳ ತಿನ್ನುವುದು ಎಕ್ಕದ ಬಳಗದ ಮಿಲ್ಕ್‌ವೀಡ್ ಗಿಡ ಮಾತ್ರ. ಕಳೆನಾಶಕ ಚಿಟ್ಟೆಯನ್ನು ಮುಟ್ಟದೆಯೂ ಅದರ ಸಂತತಿ ತಗ್ಗಿಸಬಲ್ಲದು.

ಲೇಬಲ್ ಓದುವಾಗ ಎಡವುವ ಜಾಗ

ಡಬ್ಬಿಯ ಮೇಲಿನ ಬಣ್ಣದ ಗುರುತು ಮುಖ್ಯವಾಗಿ ಮನುಷ್ಯನಿಗೆ ಇರುವ ಅಪಾಯ ಹೇಳುತ್ತದೆ. ಇಲಿಯ ಮೇಲೆ ಮಾಡಿದ ಪರೀಕ್ಷೆಯಿಂದ ಬಂದ ದರ್ಜೆ ಅದು. ಮೀನು, ಜೇನು, ಕಪ್ಪೆಗಳ ಲೆಕ್ಕ ಅದರಲ್ಲಿಲ್ಲ. ಅವುಗಳಿಗಾಗಿ ಲೇಬಲ್ಲಿನ ಪರಿಸರ ಎಚ್ಚರಿಕೆಯ ಭಾಗ ಅಥವಾ ಸುರಕ್ಷತಾ ಮಾಹಿತಿ ಪತ್ರದ 12ನೇ ವಿಭಾಗ ತೆರೆಯಿರಿ. ಅಲ್ಲಿ ಸಿಗುವ ಅಂಕಿಗಳನ್ನು ಹೀಗೆ ಓದಿ: ಮೀನಿನ ಎಲ್‌ಸಿ50 (ಪರೀಕ್ಷೆಯಲ್ಲಿ ಅರ್ಧದಷ್ಟು ಮೀನು ಸಾಯುವಷ್ಟು ನೀರಿನಲ್ಲಿರುವ ವಿಷ) ಲೀಟರಿಗೆ 0.1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅತಿ ವಿಷ. ಹಕ್ಕಿಯ ಎಲ್‌ಡಿ50 (ಅರ್ಧದಷ್ಟು ಹಕ್ಕಿ ಸಾಯುವಷ್ಟು ಮೈಸೇರಿದ ವಿಷ) ಕಿಲೋ ತೂಕಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಅತಿ ವಿಷ. ಜೇನಿಗೆ ಒಂದು ಹುಳಕ್ಕೆ 2 ಮೈಕ್ರೋಗ್ರಾಂ ಒಳಗಿದ್ದರೆ ಹೆಚ್ಚು ವಿಷ. ಅಂಕಿ ಚಿಕ್ಕದಾದಷ್ಟೂ ಅಪಾಯ ದೊಡ್ಡದು. ಇದನ್ನು ತಿರುಗುಮುರುಗಾಗಿ ಓದುವವರು ಕಡಿಮೆಯೇನಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಲ್ಯಾಂಬ್ಡಾ ಸೈಹಲೋಥ್ರಿನ್ ಎಂಬ ಕೀಟನಾಶಕ ಹಕ್ಕಿಗಳಿಗೆ ಅಷ್ಟೇನೂ ವಿಷವಲ್ಲ. ಬ್ಲೂಗಿಲ್ ಎಂಬ ಸಿಹಿನೀರಿನ ಮೀನಿಗೆ ಅದರ ಎಲ್‌ಸಿ50 ಲೀಟರಿಗೆ ಸುಮಾರು 0.2 ಮೈಕ್ರೋಗ್ರಾಂ. ಹೊಲದ ಪಕ್ಕ 1 ಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಕಾಲುವೆ ಇದೆ ಎನ್ನಿ. ಅದರ 100 ಮೀಟರ್ ಉದ್ದದಲ್ಲಿ 30,000 ಲೀಟರ್ ನೀರು. ಅಷ್ಟೂ ನೀರು ಆ ಮಟ್ಟ ಮುಟ್ಟಲು ಬೇಕಾದದ್ದು 6 ಮಿಲಿಗ್ರಾಂ. ಶೇ 5ರ ದ್ರಾವಣದ 1 ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ ಇರುತ್ತದೆ. ಅಂದರೆ ಡಬ್ಬಿಯ ಬಾಯಿಂದ ಜಾರಿದ ಎರಡು ಮೂರು ಹನಿ. ನಿಜವಾದ ಕಾಲುವೆಯಲ್ಲಿ ಒಂದಷ್ಟು ಕೆಸರಿಗೆ ಅಂಟಿ ನೀರಿನಲ್ಲಿ ಕಡಿಮೆಯಾಗುತ್ತದೆ, ನಿಜ. ಆದರೆ ಆ ಕೆಸರಿನಲ್ಲೇ ಮೀನು, ಕಪ್ಪೆಗಳು ತಿನ್ನುವ ಹುಳುಗಳಿರುತ್ತವೆ. ಅಳತೆ ಲೋಟವನ್ನು ಕಾಲುವೆಯಲ್ಲಿ ಅದ್ದಿ ತೊಳೆಯುವ ಅಭ್ಯಾಸವಿದ್ದವರಿಗೆ ಈ ಲೆಕ್ಕ ಒಮ್ಮೆ ತೋರಿಸಬೇಕು.

ಇನ್ನೊಂದು ಮುಖ್ಯ ಭೇದ: ಮೈಗೆ ತಾಗಿ ಕೊಲ್ಲುವ ಸ್ಪರ್ಶ ಕೀಟನಾಶಕವೋ, ಗಿಡದೊಳಗೆಲ್ಲ ಹರಡುವ ಅಂತರ್ವ್ಯಾಪಿಯೋ. ಸಂಜೆ ಜೇನು ಗೂಡಿಗೆ ಮರಳಿದ ಮೇಲೆ ಹೊಡೆಯಿರಿ ಎಂಬ ಸಲಹೆ ಬೇಗ ಒಣಗಿ ಕಸುವು ಕಳೆದುಕೊಳ್ಳುವ ಸ್ಪರ್ಶ ಔಷಧಿಗೆ ಸರಿ. ಸ್ಪಿನೋಸಾಡ್ ಹಸಿ ಇರುವಾಗ ಜೇನಿಗೆ ಕೆಟ್ಟದ್ದು, ಎಲೆಯ ಮೇಲೆ ಒಣಗಿದ ಮೇಲೆ ಅಪಾಯ ಬಹಳ ತಗ್ಗುತ್ತದೆ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಕ್ಲೋಥಿಯಾನಿಡಿನ್ ಹಾಗಲ್ಲ. ಅವು ಗಿಡದೊಳಗೆ ಇಳಿದು ಮಕರಂದ, ಪರಾಗಕ್ಕೂ ಬರುತ್ತವೆ, ರಾತ್ರಿ ಹೊಡೆದರೂ ಅಷ್ಟೇ. ಯುರೋಪಿಯನ್ ಒಕ್ಕೂಟ 2018ರಲ್ಲಿ ಈ ಮೂರರ ಬಯಲು ಬಳಕೆ ನಿಲ್ಲಿಸಿದ್ದು ಜೇನುಗಳಿಗೆ ಒದಗುವ ಅಪಾಯದ ಕಾರಣಕ್ಕೇ. ಹೂವಿಗೆ ಮುಂಚಿನ ವಾರಗಳಲ್ಲೂ ಇವನ್ನು ಬಿಡುವುದು ಒಳಿತು. ಟ್ಯಾಂಕಿನಲ್ಲಿ ಬೆರಕೆ ಮಾಡುವಾಗಲೂ ಎಚ್ಚರ ಬೇಕು: ಪ್ರೋಪಿಕೊನಜೋಲ್ ಥರದ ಶಿಲೀಂಧ್ರನಾಶಕಗಳು ಜೇನುಹುಳ ವಿಷವನ್ನು ಮುರಿದುಕೊಳ್ಳುವ ಶಕ್ತಿಗೇ ಅಡ್ಡಬರುತ್ತವೆ. ಪೈರೆಥ್ರಾಯ್ಡ್ (ಲ್ಯಾಂಬ್ಡಾ ಸೈಹಲೋಥ್ರಿನ್ ಸೇರಿದ ಕೀಟನಾಶಕಗಳ ಗುಂಪು) ಜೊತೆ ಬೆರೆಸಿದರೆ ಎರಡೂ ಸೇರಿ ಬಿಡಿಬಿಡಿಯಾಗಿ ಮಾಡುವುದಕ್ಕಿಂತ ಹೆಚ್ಚು ಕೊಲ್ಲುತ್ತವೆ.

ಹೊಡೆಯಲೇಬೇಕೇ ಎಂಬ ಪ್ರಶ್ನೆಯನ್ನು ಇಲ್ಲೇ ಮುಗಿಸಿಬಿಡಿ. ಹೊಲದ ಐದಾರು ಕಡೆ ಗಿಡ ಎಣಿಸಿ, ಹುಳ ಆರ್ಥಿಕ ಹಾನಿ ಮಟ್ಟ (ಬೆಳೆಯ ನಷ್ಟ ಔಷಧಿಯ ಖರ್ಚನ್ನು ಮೀರುವಷ್ಟು ಸಂಖ್ಯೆ) ದಾಟಿದ್ದರೆ ಮಾತ್ರ ಪಂಪು ಎತ್ತಿಕೊಳ್ಳಿ. ಕ್ಯಾಲೆಂಡರ್ ನೋಡಿ ಹೊಡೆಯುವ ಸಿಂಪರಣೆಯೇ ಎಲ್ಲಕ್ಕಿಂತ ವ್ಯರ್ಥವಾದದ್ದು.

ಪಂಪಿನ ಅಳತೆ

ಟ್ಯಾಂಕಿಗೆ ಒಂದು ಮುಚ್ಚಳ ಎಂಬ ಲೆಕ್ಕ ಕೈಬಿಡಿ. 10 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ ಅಳೆದು ಗೂಟ ಹೊಡೆಯಿರಿ. ಟ್ಯಾಂಕಿಗೆ ಬರೀ ನೀರು ತುಂಬಿ, ಮಟ್ಟಕ್ಕೆ ಗುರುತು ಹಾಕಿ, ನಿಮ್ಮ ಎಂದಿನ ನಡಿಗೆಯಲ್ಲಿ ಆ ಚೌಕಕ್ಕೆ ಹೊಡೆಯಿರಿ. ಮತ್ತೆ ಗುರುತಿನವರೆಗೆ ತುಂಬಲು ಎಷ್ಟು ನೀರು ಹಿಡಿಯಿತೋ ಅದನ್ನು ಅಳತೆ ಜಗ್ಗಿನಲ್ಲಿ ನೋಡಿ, 100ರಿಂದ ಗುಣಿಸಿ. ಅದೇ ಹೆಕ್ಟೇರಿಗೆ ನಿಮ್ಮ ನೀರಿನ ಪ್ರಮಾಣ.

3.2 ಲೀಟರ್ ಹಿಡಿದರೆ ಹೆಕ್ಟೇರಿಗೆ 320 ಲೀಟರ್. ಲೇಬಲ್ ಹೆಕ್ಟೇರಿಗೆ 500 ಮಿಲಿಲೀಟರ್ ಎಂದಿದ್ದರೆ, 16 ಲೀಟರ್ ಟ್ಯಾಂಕಿಗೆ ಬೇಕಾದದ್ದು 25 ಮಿಲಿಲೀಟರ್. ಮುಚ್ಚಳದಲ್ಲಿ 40 ಮಿಲಿಲೀಟರ್ ಹಿಡಿಸಿ ಅದನ್ನೇ ಸುರಿದರೆ ಹೆಕ್ಟೇರಿಗೆ 800 ಮಿಲಿಲೀಟರ್ ಬೀಳುತ್ತದೆ. ಮೇಲಿನ ಆ 300ಕ್ಕೆ ಹುಳ ಹೆಚ್ಚು ಸಾಯುವುದಿಲ್ಲ, ಅದು ಮಣ್ಣಿಗೆ ಮತ್ತು ಹೊಂಡಕ್ಕೆ ಹೋಗುತ್ತದೆ.

ಒಂದು ನಿಮಿಷ ನಾಝಲ್‌ನಿಂದ ಬಿದ್ದ ನೀರನ್ನೂ ಹಿಡಿದು ಅಳೆಯಿರಿ. ಅದೇ ಒತ್ತಡದಲ್ಲಿ ಹೊಸ ನಾಝಲ್ ಕೊಡುವುದಕ್ಕಿಂತ ಶೇ 10 ಹೆಚ್ಚಿದ್ದರೆ ತೂತು ಸವೆದಿದೆ, ಬದಲಿಸಿ. ಕಟ್ಟಿಕೊಂಡ ನಾಝಲ್‌ಗೆ ತಂತಿ ಚುಚ್ಚಬೇಡಿ, ಬಾಯಿಂದ ಊದುವುದಂತೂ ಬೇಡವೇ ಬೇಡ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ಗಾಳಿಗೆ ತೇಲುವ ಹನಿ

ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲಿ. 3 ಮೀಟರ್ ಎತ್ತರದಿಂದ ಬಿಟ್ಟ 400 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಹನಿ ಎರಡು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. 100 ಮೈಕ್ರಾನಿನದಕ್ಕೆ ಹನ್ನೊಂದು ಸೆಕೆಂಡು ಬೇಕು. ಗಂಟೆಗೆ ಬರೀ 5 ಕಿಲೋಮೀಟರ್ ಗಾಳಿ ಇದ್ದರೂ ಮೊದಲನೆಯದು ಎರಡೂವರೆ ಮೀಟರ್ ಸರಿಯುತ್ತದೆ, ಎರಡನೆಯದು 15 ಮೀಟರ್ ಆಚೆ ಹೋಗಿ ಬೀಳುತ್ತದೆ. 20 ಮೈಕ್ರಾನಿನ ಹನಿಗೆ ನಾಲ್ಕು ನಿಮಿಷಕ್ಕೂ ಹೆಚ್ಚು, ಅಷ್ಟರಲ್ಲಿ ಅದು 300 ಮೀಟರ್ ದಾಟಿರುತ್ತದೆ. ‘ಮಂಜಿನ ಹಾಗೆ ಬರಬೇಕು, ಆಗಲೇ ಚೆನ್ನಾಗಿ ಹಿಡಿಯುತ್ತದೆ’ ಎಂಬ ನಂಬಿಕೆಯೇ ಪಕ್ಕದ ಕೆರೆಗೆ ಔಷಧಿ ಕಳಿಸುತ್ತದೆ.

ಹನಿ ತೇಲದಂತೆ ಮಾಡಲು ಮೂರು ಉಪಾಯ. ಒತ್ತಡ ಇಳಿಸಿ: ಬೆನ್ನಿನ ಪಂಪಿಗೆ ಕಳೆನಾಶಕಕ್ಕಾದರೆ 1 ಬಾರ್ ಆಸುಪಾಸು ಸಾಕು, ಕೀಟನಾಶಕಕ್ಕೂ 3 ಬಾರ್ ಮೀರಬಾರದು. ಗಾಳಿ ಎಳೆದುಕೊಳ್ಳುವ ನಾಝಲ್ ಹಾಕಿ. ನಾಝಲ್ಲನ್ನು ಬೆಳೆಗೆ ಹತ್ತಿರ ಇಳಿಸಿ, ಬೂಮ್ (ಸಾಲಾಗಿ ನಾಝಲ್ ಜೋಡಿಸಿದ ಉದ್ದ ಕೊಳವೆ) ಆದರೆ ಬೆಳೆಯ ತುದಿಯಿಂದ 50 ಸೆಂಟಿಮೀಟರ್. ಬಣ್ಣ ನೋಡಿ ನಾಝಲ್ ಕೊಳ್ಳುವಾಗ ಒಂದು ಗೊಂದಲವಿದೆ. ನಾಝಲ್‌ನ ಮೈಬಣ್ಣ ಹೇಳುವುದು ಹರಿವು ಮಾತ್ರ: 3 ಬಾರ್ ಒತ್ತಡದಲ್ಲಿ ಹಳದಿ ನಿಮಿಷಕ್ಕೆ 0.8 ಲೀಟರ್, ನೀಲಿ 1.2, ಕೆಂಪು 1.6. ಹನಿಯ ಗಾತ್ರದ ಪಟ್ಟಿಯಲ್ಲೂ ಇವೇ ಬಣ್ಣಗಳಿವೆ, ಆದರೆ ಅಲ್ಲಿ ಕೆಂಪು ಎಂದರೆ ಅತಿ ಸಣ್ಣ ಹನಿ, ನೀಲಿ ಎಂದರೆ ದಪ್ಪ ಹನಿ. ತಯಾರಕರ ಕೋಷ್ಟಕದಲ್ಲಿ ನಾಝಲ್ ಮಾದರಿ ಮತ್ತು ಒತ್ತಡ ಎರಡನ್ನೂ ಸೇರಿಸಿ ನೋಡದೆ ತೀರ್ಮಾನಿಸಬೇಡಿ.

ಗಾಳಿ ಗಂಟೆಗೆ 5ರಿಂದ 15 ಕಿಲೋಮೀಟರ್ ಇರಲಿ, ಸೂಕ್ಷ್ಮ ಜಾಗದ ಕಡೆಗೆ ಬೀಸದಿರಲಿ. ಎಲೆ ಅಲುಗದಷ್ಟು ನಿಶ್ಶಬ್ದವಾಗಿದ್ದರೆ ಒಳ್ಳೆಯ ಹೊತ್ತು ಎಂದು ತಿಳಿಯುವುದು ಸಹಜ, ಆದರೆ ಅದೇ ಮೋಸ. ಆಕಾಶ ಶುಭ್ರವಾಗಿದ್ದ ದಿನ ಸೂರ್ಯ ಮುಳುಗುವ ಹೊತ್ತಿಗೆ ನೆಲ ತಣ್ಣಗಾಗಿ, ತಂಪು ಗಾಳಿ ಕೆಳಗೆ, ಬಿಸಿ ಗಾಳಿ ಮೇಲೆ ನಿಲ್ಲುತ್ತದೆ. ಸಣ್ಣ ಹನಿಗಳು ಆ ಪದರದಲ್ಲಿ ಸಿಕ್ಕಿ, ಚದುರದೆ, ತಗ್ಗಿನ ಕಡೆಗೆ ನಿಧಾನ ಜಾರುತ್ತವೆ. ತಗ್ಗಿನಲ್ಲಿ ಇರುವುದು ಸಾಮಾನ್ಯವಾಗಿ ಹೊಂಡ, ಹಳ್ಳ. ಪರೀಕ್ಷೆ ಸುಲಭ: ಸ್ವಲ್ಪ ಹೊಗೆ ಎಬ್ಬಿಸಿ. ಮೇಲೆದ್ದು ಚದುರಿದರೆ ಸರಿ, ಹಾಸಿದಂತೆ ಅಡ್ಡಕ್ಕೆ ಹರಡಿ ನಿಂತರೆ ಪಂಪು ಕೆಳಗಿಡಿ. ಜೇನಿಗಾಗಿ ಸಂಜೆ ಹೊಡೆಯಬೇಕು, ಈ ಪದರಕ್ಕಾಗಿ ಸಂಜೆ ಹೊಡೆಯಬಾರದು ಎಂಬ ತಿಕ್ಕಾಟ ನಿಜವಾದದ್ದೇ. ಹೊಗೆ ನೋಡಿಕೊಂಡು, ದಪ್ಪ ಹನಿಯಲ್ಲಿ, ತಗ್ಗಿನ ಅಂಚು ಬಿಟ್ಟು ಹೊಡೆಯುವುದೊಂದೇ ನಡುವಿನ ದಾರಿ. ಡೈಕಾಂಬಾ, 2,4-ಡಿ ಎಸ್ಟರ್‌ನಂಥ ಕಳೆನಾಶಕಗಳು ಹನಿಯಾಗಿ ಬಿದ್ದ ಮೇಲೂ ಬಿಸಿಲಿಗೆ ಆವಿಯಾಗಿ ಹೊರಟುಬಿಡುತ್ತವೆ. ಅವುಗಳಿಗೆ ನಾಝಲ್ ಜಾಣ್ಮೆ ನಡೆಯದು, ಬಿರುಬಿಸಿಲಿನ ದಿನಗಳಲ್ಲಿ ಬಳಸದಿರುವುದೇ ಸರಿ.

ಬೀಜ ಮತ್ತು ಹರಳು

ಕಾಳು ತಿನ್ನುವ ಹಕ್ಕಿಗಳು ಜೀರ್ಣಕ್ಕೆಂದು ಸಣ್ಣ ಕಲ್ಲುಹರಳನ್ನೂ ನುಂಗುತ್ತವೆ. ಅವುಗಳ ಕಣ್ಣಿಗೆ ಕಾರ್ಬೋಫ್ಯುರಾನ್ ಎಂಬ ಕೀಟನಾಶಕದ ಹರಳೂ ಮರಳಿನ ಕಣವೂ ಒಂದೇ. ಸಣ್ಣ ಹಕ್ಕಿಯೊಂದನ್ನು ಕೊಲ್ಲಲು ಒಂದೇ ಹರಳು ಸಾಕು. ಅಪಾಯ ಹೊಲದ ನಡುವೆ ಅಷ್ಟಿಲ್ಲ, ಸಾಲಿನ ತುದಿಯಲ್ಲಿದೆ. ಕೂರಿಗೆ ಎತ್ತಿ ತಿರುಗಿಸುವಾಗ ಹರಿವು ನಿಲ್ಲಿಸದಿದ್ದರೆ ಅಲ್ಲೇ ಹಿಡಿಗಟ್ಟಲೆ ಸುರಿದಿರುತ್ತದೆ. ಎತ್ತುವ ಮೊದಲೇ ಹರಿವು ನಿಲ್ಲಿಸಿ, ಮುಗಿದ ಮೇಲೆ ಎಲ್ಲ ತುದಿಗಳನ್ನೂ ನಡೆದು ನೋಡಿ, ಚೆಲ್ಲಿದ್ದನ್ನು ಗುಡಿಸಿ ತೆಗೆಯಿರಿ, ಉಳಿದದ್ದರ ಮೇಲೆ ಮಣ್ಣು ಎಳೆಯಿರಿ. ಉಪಚಾರ ಮಾಡಿದ ಬೀಜಕ್ಕೂ ಇದೇ ನಿಯಮ. ಚೀಲ ತುಂಬುವ ಜಾಗವನ್ನು ಮರೆಯಬೇಡಿ.

ಬೀಜದ ಲೇಪ ಉದುರಿದರೆ ಏನಾಗುತ್ತದೆ ಎಂಬುದಕ್ಕೆ 2008ರ ಜರ್ಮನಿ ಸಾಕ್ಷಿ. ರೈನ್ ಕಣಿವೆಯಲ್ಲಿ ಕ್ಲೋಥಿಯಾನಿಡಿನ್ ಲೇಪಿಸಿದ ಮೆಕ್ಕೆಜೋಳ ಬಿತ್ತಿದಾಗ, ಸರಿಯಾಗಿ ಅಂಟದ ಲೇಪ ಗಾಳಿಯೊತ್ತಡದ ಬಿತ್ತನೆ ಯಂತ್ರದಿಂದ ಧೂಳಾಗಿ ಹೊರಬಂದು, ಹೂಬಿಟ್ಟ ಪಕ್ಕದ ಗಿಡಗಳ ಮೇಲೆ ಕೂತು, ಹತ್ತು ಸಾವಿರಕ್ಕೂ ಹೆಚ್ಚು ಜೇನುಪೆಟ್ಟಿಗೆಗಳು ಹಾನಿಗೊಳಗಾದವು. ಚೀಲದ ತಳದ ಪುಡಿಯನ್ನು ಯಂತ್ರಕ್ಕೆ ಕೊಡವಬೇಡಿ. ಯಂತ್ರದ ಗಾಳಿ ನೆಲದ ಕಡೆಗೆ ಹೋಗುವಂತೆ ಕೊಳವೆ ತಿರುಗಿಸಿ.

ಇಲಿ ಪಾಷಾಣ ಮತ್ತು ಗೂಬೆ

ಬ್ರೋಡಿಫಾಕಮ್, ಬ್ರೋಮಾಡಿಯೊಲೋನ್ ಮೇವನ್ನು ಒಮ್ಮೆ ತಿಂದ ಇಲಿ ಆ ಕ್ಷಣ ಸಾಯುವುದಿಲ್ಲ. ಮೂರರಿಂದ ಏಳು ದಿನ ಬದುಕಿದ್ದು, ದಿನವೂ ಬಂದು ಮತ್ತಷ್ಟು ತಿನ್ನುತ್ತದೆ. ಕೊನೆಕೊನೆಗೆ ಮಂಕಾಗಿ ಹಗಲಲ್ಲೇ ಬಯಲಿಗೆ ಬರುತ್ತದೆ. ಗೂಬೆಗೋ ಗಿಡುಗಕ್ಕೋ ಅದಕ್ಕಿಂತ ಸುಲಭದ ಬೇಟೆ ಬೇರೆ ಸಿಗದು. ಯಕೃತ್ತಿನಲ್ಲಿ ಈ ವಿಷ ತಿಂಗಳುಗಟ್ಟಲೆ ಉಳಿಯುವುದರಿಂದ ಇಂದು ಒಂದು ಇಲಿ, ಮುಂದಿನ ವಾರ ಇನ್ನೊಂದು ಎಂದು ಸೇರುತ್ತಾ ಹೋಗುತ್ತದೆ. ಹೊಲದಲ್ಲಿ ಗೂಬೆಪೆಟ್ಟಿಗೆಯನ್ನೂ ಇಟ್ಟು, ಅದೇ ಹೊಲದಲ್ಲಿ ಈ ಮೇವನ್ನೂ ಇಡುವವರಿದ್ದಾರೆ. ಅದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಮೊದಲು ಬೋನು, ಬಿಲ ಮುಚ್ಚುವುದು, ಧಾನ್ಯವನ್ನು ಇಲಿ ತೂರದಂತೆ ಇಡುವುದು. ವಿಷ ಇಡಲೇಬೇಕಾದರೆ ಬೀಗ ಹಾಕಿದ ಮೇವಿನ ಪೆಟ್ಟಿಗೆಯಲ್ಲಿ, ಕಟ್ಟಡದ ಒಳಗೆ ಇಡಿ. ಐದು ವಾರ ಮೀರಿಸದೆ ಉಳಿದ ಮೇವು ತೆಗೆದುಬಿಡಿ. ‘ಯಾವಾಗಲೂ ಇರಲಿ’ ಎಂದು ಬಿಟ್ಟ ಮೇವೇ ಹೆಚ್ಚಿನ ಗೂಬೆಗಳ ಮೈಸೇರುವುದು. ದಿನವೂ ಸತ್ತ ಇಲಿ ಹುಡುಕಿ, ಕೈಗವಸು ಹಾಕಿ ತೆಗೆದು, ನರಿ, ನಾಯಿ ತೋಡದಷ್ಟು ಆಳದಲ್ಲಿ ಹೂಳಿ. ಮೇವು ತೆಗೆದ ಮೇಲೂ ಎರಡು ವಾರ ಹುಡುಕಾಟ ಮುಂದುವರಿಸಿ. ಜಿಂಕ್ ಫಾಸ್ಫೈಡ್ ಇಲಿಯ ಮಾಂಸದಲ್ಲಿ ಹಾಗೆ ಕೂಡಿಕೊಳ್ಳುವುದಿಲ್ಲ, ಆ ಮಟ್ಟಿಗೆ ಗೂಬೆಗೆ ವಾಸಿ. ಆದರೆ ಬಯಲಲ್ಲಿ ಚೆಲ್ಲಿದರೆ ಕಾಳು ತಿನ್ನುವ ಹಕ್ಕಿಯನ್ನು ನೇರವಾಗಿ ಕೊಲ್ಲುತ್ತದೆ.

ಕಾಡುಪ್ರಾಣಿಯ ಕಾಟಕ್ಕೆಂದು ಹೆಣಕ್ಕೆ ಕೀಟನಾಶಕ ಸವರುವುದು ಹೆಚ್ಚಿನ ದೇಶಗಳಲ್ಲಿ ಅಪರಾಧ ಎಂದಷ್ಟೇ ಹೇಳಿ ಮುಂದೆ ಹೋಗಬಹುದಿತ್ತು. ಆದರೆ 2019ರಲ್ಲಿ ಬೋಟ್ಸ್‌ವಾನಾದಲ್ಲಿ ವಿಷ ಹಾಕಿದ ಮೂರು ಆನೆಗಳ ಹೆಣ ತಿಂದು 537 ರಣಹದ್ದುಗಳು ಸತ್ತಿದ್ದವು. ಅಂಥ ವಿಷ ಇಷ್ಟು ದೂರ ಮುಟ್ಟುತ್ತದೆ ಎಂಬುದಕ್ಕಾಗಿ ಹೇಳಿದೆ.

ನೀರಿನ ಅಂಚು

ಹೊಲಕ್ಕೂ ನೀರಿಗೂ ನಡುವೆ ದಟ್ಟ ಹುಲ್ಲಿನ ಪಟ್ಟಿ ಬಿಡಿ, 10 ಮೀಟರ್ ಇದ್ದರೆ ಒಳ್ಳೆಯದು. ನೀರು ಹಾಸಿಕೊಂಡು ಹರಿದರೆ ಮಾತ್ರ ಪಟ್ಟಿ ಕೆಲಸ ಮಾಡುತ್ತದೆ. ಒಂದು ಕಡೆ ಕೊರಕಲು ಬಿದ್ದು ಎಲ್ಲ ನೀರೂ ಅದರಲ್ಲೇ ಓಡಿದರೆ, ಅಕ್ಕಪಕ್ಕದ ಹುಲ್ಲು ಬರೀ ಅಲಂಕಾರ. ಪ್ರತಿ ದೊಡ್ಡ ಮಳೆಯಾದ ಮೇಲೆ ಕೊರಕಲು ಮುಚ್ಚಿ. ಮಣ್ಣಿನ ಕಣಕ್ಕೆ ಅಂಟುವ ಪೈರೆಥ್ರಾಯ್ಡ್‌ಗಳನ್ನು ಪಟ್ಟಿ ಚೆನ್ನಾಗಿ ತಡೆಯುತ್ತದೆ. ನೀರಲ್ಲಿ ಕರಗಿ ಹೋಗುವ ಅಟ್ರಜಿನ್, ಇಮಿಡಾಕ್ಲೋಪ್ರಿಡ್‌ಗಳನ್ನು ಅಷ್ಟಾಗಿ ತಡೆಯದು. ಅವುಗಳಿಗೆ ಇರುವ ತಡೆ ಕಾಲವೇ: ನೆಲ ನೀರು ಕುಡಿದು ತುಂಬಿದ್ದರೆ, ಇಲ್ಲವೆ 48 ಗಂಟೆಯೊಳಗೆ ಹರಿಯುವಷ್ಟು ಮಳೆಯ ಸೂಚನೆ ಇದ್ದರೆ ಹೊಡೆಯಬೇಡಿ. ಕಪ್ಪೆ, ಗೊದಮೊಟ್ಟೆ ಇರುವ ಕಡೆ ಕಳೆನಾಶಕದ ಮೂಲವಸ್ತುವಿಗಿಂತ ಅದಕ್ಕೆ ಬೆರೆಸಿದ ಅಂಟುದ್ರವವೇ ಹೆಚ್ಚು ಕೆಟ್ಟದ್ದಿರಬಹುದು. ಗ್ಲೈಫೋಸೇಟ್‌ನ ಕೆಲವು ತಯಾರಿಕೆಗಳಲ್ಲಿರುವ ಪಿಒಇಎ ಅಂಥದ್ದು. ನೀರಿನ ಬಳಿ ಬಳಸಲು ಅನುಮತಿ ಇರುವ ತಯಾರಿಕೆಯೇ ಆಗಬೇಕು.

ಟ್ಯಾಂಕು ತುಂಬುವಾಗ ಪೈಪಿನ ತುದಿ ಟ್ಯಾಂಕಿನ ನೀರಿಗಿಂತ ಮೇಲಿರಲಿ. ಮುಳುಗಿದ್ದರೆ, ಪಂಪು ನಿಂತ ಕ್ಷಣ ಔಷಧಿ ಹಿಂದಕ್ಕೆ ಹೀರಿಕೊಂಡು ಬಾವಿಗೆ ಇಳಿಯುತ್ತದೆ. ಖಾಲಿ ಡಬ್ಬಿಗೆ ಕಾಲುಭಾಗ ನೀರು ಹಾಕಿ, ಮುಚ್ಚಿ, ಅರ್ಧ ನಿಮಿಷ ಕುಲುಕಿ, ಟ್ಯಾಂಕಿಗೇ ಸುರಿದು, ಅರ್ಧ ನಿಮಿಷ ಬಸಿಯಲು ಬಿಡಿ. ಹೀಗೆ ಮೂರು ಸಲ ಮಾಡಿದ ಮೇಲೆ ಡಬ್ಬಿಗೆ ತೂತು ಹೊಡೆಯಿರಿ. ಪಂಪು ತೊಳೆದ ನೀರೂ ಅದೇ ಹೊಲಕ್ಕೆ, ಮೊದಲು ಹೊಡೆದ ಸಾಲುಗಳ ಮೇಲೇ ಹೋಗಲಿ.

ಸತ್ತ ಪ್ರಾಣಿ ಕಂಡರೆ

ಬರಿಗೈಯಲ್ಲಿ ಮುಟ್ಟಬೇಡಿ, ಎತ್ತಿಕೊಂಡು ಹೋಗಲೂ ಬೇಡಿ. ಸಂರಕ್ಷಿತ ಜೀವಿಯ ಹೆಣ ಇಟ್ಟುಕೊಳ್ಳುವುದೇ ಹಲವು ದೇಶಗಳಲ್ಲಿ ಕಾನೂನುಬಾಹಿರ. ಇದ್ದಲ್ಲೇ ಫೋಟೊ ತೆಗೆಯಿರಿ: ದೂರದಿಂದ ಒಂದು, ಹತ್ತಿರದಿಂದ ಒಂದು, ಬಾಯಿ ಅಥವಾ ಕೊಕ್ಕಿನದು ಒಂದು, ಸುತ್ತ ಬಿದ್ದ ಕಾಳು, ಹರಳು ಅಥವಾ ಮಾಂಸದ ತುಂಡಿನದು ಒಂದು. ಉಗುರು ಬಿಗಿಯಾಗಿ ಮಡಚಿದ್ದರೆ, ಬಾಯಲ್ಲಿ ನೊರೆ ಇದ್ದರೆ ಆರ್ಗನೊಫಾಸ್ಫೇಟ್ ಅಥವಾ ಕಾರ್ಬಮೇಟ್ ಗುಂಪಿನ ಕೀಟನಾಶಕ ಎಂಬ ಅನುಮಾನಕ್ಕೆ ಕಾರಣವಾಗುತ್ತದೆ, ಅದನ್ನು ಬರೆದಿಡಿ. ಇನ್ನೊಂದು ಪ್ರಾಣಿ ಬಂದು ಅದನ್ನು ತಿನ್ನದಂತೆ ಬುಟ್ಟಿಯನ್ನೋ ಡ್ರಮ್ಮನ್ನೋ ಮಗುಚಿ ಮೇಲೆ ಕಲ್ಲು ಹೇರಿ, ವನ್ಯಜೀವಿ ಇಲಾಖೆಗೆ ಕರೆ ಮಾಡಿ. ತೆಗೆದಿಡಲು ಅವರೇ ಹೇಳಿದರೆ ಕೈಗವಸು ಹಾಕಿ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ತಣ್ಣಗಿಡಿ. ಬಿಸಿಲಲ್ಲಿ ಒಂದು ದಿನ ಬಿದ್ದರೆ ಪ್ರಯೋಗಾಲಯಕ್ಕೆ ಹುಡುಕಲು ಹೆಚ್ಚೇನೂ ಉಳಿದಿರುವುದಿಲ್ಲ.

ಆಗ ಅವರು ಕೇಳುವುದು ನಿಮ್ಮ ಸಿಂಪರಣೆ ಪುಸ್ತಕ: ದಿನ, ಹೊತ್ತು, ಔಷಧಿಯ ಹೆಸರು ಮತ್ತು ಬ್ಯಾಚ್ ಸಂಖ್ಯೆ, ಪ್ರಮಾಣ, ನಾಝಲ್, ಒತ್ತಡ, ಗಾಳಿಯ ದಿಕ್ಕು. ಗಾಳಿಯ ದಿಕ್ಕಿನ ಕಲಮೇ ಹೆಚ್ಚಿನವರ ಪುಸ್ತಕದಲ್ಲಿ ಖಾಲಿ ಇರುತ್ತದೆ. ಪಂಪು ಹೆಗಲಿಗೇರಿಸುವ ಮೊದಲೇ ಅದನ್ನು ತುಂಬಿ, ಅರ್ಧದಲ್ಲಿ ಗಾಳಿ ತಿರುಗಿದರೆ ತಿರುಗಿದ ಹೊತ್ತನ್ನೂ ಬರೆಯಿರಿ.